ಟಿಂಗೊ ತುಲಾಭಾರ

ಬಸವಾಪಟ್ಟಣದ ಪಕ್ಕದ ನಮ್ಮ ಊರಿನಲ್ಲಿ ನನ್ನ ಹೆಸರು ಶೈಲಾ ಎಂದು ಗೊತ್ತಿರುವವರು ಕಡಿಮೆ. ಎಲ್ಲರಿಗೂ ನಾನು ತೂಕದ ಟೀಚರ್. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತೇನೆ, ಮೊಟ್ಟೆ ಬೇಯಿಸಿ ಹಂಚುತ್ತೇನೆ, ಬಸುರಿಯರಿಗೆ ಊಟ ಹಾಕಿಸುತ್ತೇನೆ, ಅದೆಲ್ಲ ಯಾರ ನೆನಪಿಗೂ ಬರುವುದಿಲ್ಲ. ತಿಂಗಳಿಗೊಮ್ಮೆ ಮಕ್ಕಳನ್ನು ತಕ್ಕಡಿಗೆ ಹತ್ತಿಸಿ, ಕಡಿಮೆ ತೂಗಿದ ಮಗುವಿನ ತಾಯಿಯನ್ನು ನಿಲ್ಲಿಸಿಕೊಂಡು ಬೈಯುತ್ತೇನಲ್ಲ, ಅದೊಂದೇ ನೆನಪು. ಬೈಯುವ ವಿಷಯದಲ್ಲಿ ನಾನು ಜಿಪುಣಿಯಲ್ಲ, ಅದನ್ನು ಒಪ್ಪುತ್ತೇನೆ.

ಆ ಬೈಗುಳದಲ್ಲಿ ಮುಕ್ಕಾಲು ಪಾಲು ಟಿಂಗೊಗೆ ಹೋಗುತ್ತಿತ್ತು. ಹಳದಿ ಪೊಟ್ಟಣ, ಅದರ ಮೇಲೆ ಕನ್ನಡಕ ಹಾಕಿಕೊಂಡ ಕೋತಿಯ ಚಿತ್ರ, ಒಳಗೆ ನೂಡಲ್ಸ್. ನೀರು ಕುದಿಸಿ ಬೇಯಿಸಿ ತಿನ್ನಿ ಎಂದು ಹಿಂಬದಿಯಲ್ಲಿ ಬರೆದಿರುತ್ತದೆ. ನಮ್ಮ ಕಡೆಯ ಮಕ್ಕಳು ಒಲೆಯವರೆಗೆ ಹೋಗುವುದೇ ಇಲ್ಲ. ಪೊಟ್ಟಣ ಒಡೆಯುವ ಮೊದಲೇ ಅಂಗೈಗಳ ನಡುವೆ ಇಟ್ಟು ಹಿಸುಕಿ ಪುಡಿ ಮಾಡುತ್ತವೆ. ಮೂಲೆ ಹರಿದು ಒಳಗಿನ ಮಸಾಲೆ ಸುರಿದು, ಬಾಯಿ ಹಿಡಿದು ಕುಲುಕಿ, ಹಸಿಯಾಗಿಯೇ ಕರುಂಕುರುಂ ಅನ್ನಿಸುತ್ತವೆ. ಹೊಟ್ಟೆ ಅದರಲ್ಲೇ ತುಂಬಿದ ಮಗು ಅನ್ನಕ್ಕೆ ಮುಖ ತಿರುಗಿಸುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಅಂಗನವಾಡಿಯ ಬಾಗಿಲಲ್ಲಿ ನಿಂತು ಮಕ್ಕಳ ಜೇಬು ತಡವುವುದು ನನ್ನ ಕೆಲಸವಾಗಿತ್ತು. ಜೇಬಿನಲ್ಲಿ ಪರಪರ ಸದ್ದಾದರೆ ಮುಗಿಯಿತು.

ಅನಿತಾ ಎಂಬ ತಾಯಿಗೂ ನನಗೂ ಈ ವಿಷಯದಲ್ಲಿ ಯಾವಾಗಲೂ ಜಟಾಪಟಿ. ಅವಳಿಗೆ ಮಗನನ್ನು ತಕ್ಕಡಿಗೆ ಹತ್ತಿಸುವುದೆಂದರೇ ಆಗದು.

"ಪದೇಪದೇ ತೂಗಿದ್ರೆ ಕೂಸು ಸೊರಗ್ತೈತೆ ಟೀಚರ್ರೇ, ದೃಷ್ಟಿ ಆಗ್ತೈತೆ" ಎನ್ನುತ್ತಿದ್ದಳು.

"ದೃಷ್ಟಿ ಆಗಿರೋದು ಟಿಂಗೊದ್ದು ಕಣಮ್ಮ. ಹತ್ತಿಸು ಸುಮ್ನೆ" ಎಂದು ನಾನು ಎಲ್ಲರೆದುರಿಗೆ ಅಂದುಬಿಡುತ್ತಿದ್ದೆ. ಉಳಿದ ತಾಯಂದಿರು ನಗುತ್ತಿದ್ದರು, ಅವಳು ಮುಖ ಊದಿಸಿಕೊಂಡು ಮಗನನ್ನು ಹತ್ತಿಸುತ್ತಿದ್ದಳು.

ಹೋದ ಬೇಸಿಗೆಯಲ್ಲಿ ನನ್ನ ಮಗಳು ಧನುಶ್ರೀಗೆ ಟೈಫಾಯ್ಡ್ ಬಂತು. ಐದು ವರ್ಷದ ಹುಡುಗಿ. ಚನ್ನಗಿರಿಯ ಆಸ್ಪತ್ರೆಗೆ ಸೇರಿಸಿದೆವು. ಜ್ವರವೇನೋ ಔಷಧಿಗೆ ಬಗ್ಗಿತು, ಆದರೆ ಊಟ ಸೇರಲಿಲ್ಲ. ಗಂಜಿ ಕೊಟ್ಟರೆ ಬಾಯಿ ಬಿಗಿ ಹಿಡಿಯುತ್ತಿದ್ದಳು. ಇಡ್ಲಿ ಚೂರು ಇಟ್ಟರೆ ಕೆನ್ನೆಯಲ್ಲಿ ಇಟ್ಟುಕೊಂಡು, ನಾವು ಆ ಕಡೆ ತಿರುಗಿದಾಗ ಉಗುಳುತ್ತಿದ್ದಳು. ಊರಿನ ಮಕ್ಕಳಿಗೆಲ್ಲ ತುತ್ತು ತಿನ್ನಿಸಿದ ಕೈ ನನ್ನದು. ನನ್ನ ಮಗುವಿನ ಬಾಯಿ ತೆರೆಸಲು ಆ ಕೈಗೆ ಆಗಲಿಲ್ಲ. ಡ್ರಿಪ್ ಏರಿಸಿದ ಕೈ ಕಡ್ಡಿಯಂತೆ ಕಾಣುತ್ತಿತ್ತು.

"ಜ್ವರ ಹೋಗಿದೆ. ತಾನಾಗಿ ತಿನ್ನೋಕೆ ಶುರು ಮಾಡಿದ್ರೆ ಮನೆಗೆ ಕಳಿಸ್ತೀನಿ" ಎಂದು ಡಾಕ್ಟರು ಹೇಳಿ ಹೋದರು.

ನನ್ನ ಅತ್ತೆ ಸುಂಕಲಮ್ಮ ಜಗಳೂರು ಕಡೆಯವರು. ಡಾಕ್ಟರು ಅತ್ತ ಹೋಗುತ್ತಲೇ ನರ್ಸನ್ನು ಕರೆದು "ಜಗಳೂರು ಯಾವ ದಿಕ್ಕಿಗೆ ಬರ್ತೈತೆ ತಾಯಿ" ಎಂದು ಕೇಳಿದರು. ಆ ಹುಡುಗಿ ಯೋಚಿಸಿ ಕಿಟಕಿಯ ಕಡೆ ಕೈ ತೋರಿಸಿದಳು. ಅತ್ತೆ ಅಲ್ಲಿ ನಿಂತು, ಸೆರಗು ಹೊದ್ದು ಕೈ ಮುಗಿದು, ತಮ್ಮ ತವರಿನ ದೇವರಿಗೆ ಗಟ್ಟಿಯಾಗಿಯೇ ಹೇಳಿಕೊಂಡರು.

"ಬ್ಯಾಲದಮರದ ಚೌಡವ್ವ, ಈ ಕೂಸು ತನ್ನ ಕೈಯಾರೆ ಮೊದ್ಲು ಏನು ಬಾಯಿಗೆ ಹಾಕ್ಕಂತೈತೋ, ಅದ್ರಾಗೇ ನಿನ್ನ ಮುಂದೆ ತೂಗುಸ್ತೀನಿ. ನಡೆಸ್ಕೊಡವ್ವ."

ಮಗುವನ್ನು ತೂಗಿಸುವ ಹರಕೆ ನಮ್ಮ ಕಡೆ ಹೊಸದಲ್ಲ. ಒಂದು ತಟ್ಟೆಯಲ್ಲಿ ಮಗು, ಇನ್ನೊಂದರಲ್ಲಿ ಬೆಲ್ಲವೋ ಕಾಯಿಯೋ ಮಂಡಕ್ಕಿಯೋ. ಮಗುವಿನ ತಟ್ಟೆ ಮೇಲೆದ್ದರೆ ಹರಕೆ ತೀರಿತು. ಅತ್ತೆ ಭಕ್ತಿಯ ಜೊತೆಗೆ ಲೆಕ್ಕಾಚಾರವನ್ನೂ ಇಟ್ಟುಕೊಂಡ ಹೆಂಗಸು. ಬೇಡಿಕೊಂಡ ಕೂಡಲೇ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಒಂದು ಬಾಳೆಹಣ್ಣು, ಬೆಲ್ಲದ ಚೂರು, ಒಂದು ಹಿಡಿ ಮಂಡಕ್ಕಿ ಜೋಡಿಸಿಟ್ಟರು. ಮಗು ಯಾವುದಕ್ಕೆ ಕೈ ಹಾಕಿದರೂ ನಮ್ಮ ಕೈಗೆಟುಕುವಂಥದ್ದೇ. ಧನು ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಪಕ್ಕದ ಮಂಚದಲ್ಲಿ ರಕ್ಷಾ ಎಂಬ ಹುಡುಗಿ ಇದ್ದಳು, ತ್ಯಾವಣಿಗೆಯವಳು, ಕಾಲು ಮುರಿದುಕೊಂಡು ಮಲಗಿದ್ದಳು. ಮಾರನೇ ದಿನ ಮಧ್ಯಾಹ್ನ ಅವಳ ಅಪ್ಪ ಬಂದವನು ಅವಳ ಕೈಗೆ ಒಂದು ಟಿಂಗೊ ಕೊಟ್ಟು ಔಷಧಿ ತರಲು ಹೋದ. ಅವಳು ಪದ್ಧತಿಯಂತೆ ಅದನ್ನು ಹಿಸುಕತೊಡಗಿದಳು. ಆ ಸದ್ದಿಗೆ ಧನು ತಲೆ ತಿರುಗಿಸಿದಳು. ಎಷ್ಟೋ ಹೊತ್ತಿನಿಂದ ಗೋಡೆ ನೋಡಿಕೊಂಡು ಮಲಗಿದ್ದ ಮಗು. ಪೊಟ್ಟಣ ಕುಲುಕಿದ ಸದ್ದಾದಾಗ ಸೂಜಿ ಚುಚ್ಚಿರದ ಕೈಯನ್ನು ಮಂಚದ ಆಚೆಗೆ ಚಾಚಿದಳು.

ರಕ್ಷಾ ನನ್ನ ಮುಖ ನೋಡಿದಳು. ಊರಿನಲ್ಲಿ ಮಕ್ಕಳ ಜೇಬಿನಿಂದ ಆ ಪೊಟ್ಟಣ ಕಿತ್ತುಕೊಳ್ಳುವವಳು ನಾನೇ ಎಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು.

"ಕೊಡಮ್ಮ, ಒಂಚೂರು ಕೊಡು" ಎಂದೆ.

ಧನು ಅಂಗೈ ಮೇಲಿನ ಮುರುಕು ಎಳೆಗಳನ್ನು ಒಂದೊಂದಾಗಿ ಎತ್ತಿ ಬಾಯಿಗಿಟ್ಟುಕೊಂಡಳು. ಅಗಿದಳು. ನುಂಗಿದಳು. ನಾನು ಅತ್ತುಬಿಟ್ಟೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವಳು ಮತ್ತೆ ಕೈ ಚಾಚಿದ್ದಳು.

ಅತ್ತೆ ಸ್ಟೂಲಿನ ಮೇಲಿನ ಬಾಳೆಹಣ್ಣನ್ನು ನೋಡಿದರು, ಮಂಡಕ್ಕಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅದ್ರ ಹೆಸ್ರೇನವ್ವ?"

"ಟಿಂಗೊ ಅತ್ತೆ."

"ಟಿಂಗೊ" ಎಂದು ಕಿಟಕಿಯ ಕಡೆ ತಿರುಗಿ ಹೇಳಿದರು, ದೇವರಿಗೆ ಸರಿಯಾಗಿ ಕೇಳಿಸಲಿ ಎಂದು ಇನ್ನೊಮ್ಮೆ ಹೇಳಿದರು. "ಹಂಗಾದ್ರೆ ಟಿಂಗೊನೇ."

ಆಸ್ಪತ್ರೆಯಿಂದ ಬಿಡುವ ದಿನ ಅತ್ತೆ ಹೊರಗೆ ಆಟೋ ಹುಡುಕುತ್ತಿದ್ದಾಗ ನರ್ಸು ಧನುವನ್ನು ತೂಗಿದಳು. ಹನ್ನೆರಡು ಕಿಲೋ. ನನ್ನ ಕೆಲಸದಲ್ಲಿ ಮಗುವಿನ ತೂಕಕ್ಕೆ ಮೂರು ಬಣ್ಣ. ಹಸಿರು ಎಂದರೆ ಚೆನ್ನಾಗಿದೆ, ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ಮಗು ಅಪಾಯದಲ್ಲಿದೆ. ಐದು ವರ್ಷದ ಹುಡುಗಿಗೆ ಹನ್ನೆರಡು ಕಿಲೋ ಎಂದರೆ ಕೆಂಪು. ಆ ಬಣ್ಣವನ್ನು ಹಿಡಿದುಕೊಂಡೇ ನಾನು ಮನೆಗೆ ಬಂದೆ.

ಹೊಸ್ತಿಲು ದಾಟುವಾಗ ಅತ್ತೆ ನನ್ನನ್ನು ತಡೆದರು.

"ನೋಡು ಶೈಲಾ, ಇದು ಹರಕೆ ಹೊತ್ತ ಕೂಸು. ಇನ್ನ ಯಾವ ತಕ್ಕಡಿಗೂ ಹತ್ತಿಸಂಗಿಲ್ಲ. ಮೊದ್ಲು ಅವ್ವನ ತಕ್ಕಡಿ, ಆಮ್ಯಾಲೆ ನಿಂದು. ಹಂಗೇನಾರ ಹತ್ತಿಸಿದ್ರೆ..." ಎಂದರು.

"ಹಂಗಾದ್ರೆ ಬರೋ ಮಂಗಳವಾರನೇ ಹೋಗಿಬರಾಣ" ಎಂದೆ.

"ಮಗು ಬಸ್ಸಿನಾಗೆ ಕೂರೋವಂಗೆ ಐತೇನು? ಸುಧಾರಿಸ್ಕೊಳ್ಳೋ ಹೊತ್ತಿಗೆ ಆಷಾಢ ಬರ್ತೈತೆ. ಶ್ರಾವಣ ಬರ್ಲಿ."

ನನಗೆ ಆ ಮಾತಿನಲ್ಲಿ ನಂಬಿಕೆ ಇತ್ತೋ ಇಲ್ಲವೋ ಈಗಲೂ ಹೇಳಲಾರೆ. ಭಯವಂತೂ ಇತ್ತು. ಸತ್ತೇಹೋಗುತ್ತಾಳೇನೋ ಅನ್ನಿಸಿದ್ದ ಮಗು ಎದ್ದು ಓಡಾಡುತ್ತಿರುವಾಗ ಯಾವ ದೇವರನ್ನೂ ಕೆಣಕುವ ಧೈರ್ಯ ನನಗಿರಲಿಲ್ಲ. ಆಯ್ತು ಅತ್ತೆ ಎಂದೆ.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಮಗಳನ್ನು ಅಂಗನವಾಡಿಗೆ ಕರೆದೊಯ್ಯದೆ ಅತ್ತೆಯ ಬಳಿ ಬಿಟ್ಟು ಹೋಗುತ್ತಿದ್ದೆ. ಸಂಜೆ ಬಂದು ನಾನೇ ಕೂತು ಉಣ್ಣಿಸಿದರೆ ಎರಡು ತುತ್ತಿಗೆ "ಸಾಕಮ್ಮ" ಎನ್ನುತ್ತಿದ್ದಳು. ತಟ್ಟೆ ಹಾಗೇ ಉಳಿಯುತ್ತಿತ್ತು. ಬೇಳೆ, ತುಪ್ಪ, ಮೊಟ್ಟೆ, ಊರವರಿಗೆ ನಾನು ಬಾಯಿಪಾಠ ಒಪ್ಪಿಸುವ ಎಲ್ಲವೂ ಆ ತಟ್ಟೆಯಲ್ಲಿ ಇರುತ್ತಿತ್ತು, ಎಲ್ಲವೂ ಉಳಿಯುತ್ತಿತ್ತು. ಕಣ್ಣು ತಾಗದಿರಲೆಂದು ಅತ್ತೆ ಅವಳಿಗೆ ಯಾರದೋ ದೊಡ್ಡ ಹುಡುಗಿಯ ದೊಗಳೆ ಫ್ರಾಕು ತೊಡಿಸಿದ್ದರು. ಆ ಫ್ರಾಕಿನೊಳಗೆ ಮಗು ಎಷ್ಟಿದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ದಿನಾ ನೋಡುವ ಕಣ್ಣಿಗೆ ಮಗು ದಪ್ಪವಾಗುವುದೂ ಕಾಣದು, ಸೊರಗುವುದೂ ಕಾಣದು. ಅದಕ್ಕೇ ತಾನೆ ತಕ್ಕಡಿ ಇರುವುದು ಎಂದು ನಾನೇ ತಾಯಂದಿರಿಗೆ ಪಾಠ ಹೇಳಿದವಳು. ಹೆದರಿದ ಕಣ್ಣಿಗೆ ಮಾತ್ರ ದಿನಾ ಸೊರಗಿದಂತೆಯೇ ಕಾಣುತ್ತಿತ್ತು.

ತೂಕದ ದಿನ ಬಂತು. ಎಲ್ಲರ ಮಕ್ಕಳನ್ನೂ ಹತ್ತಿಸಿದೆ, ಇಳಿಸಿದೆ. ಕೊನೆಯಲ್ಲಿ ಅನಿತಾ ಸುತ್ತ ನೋಡಿ "ಟೀಚರ್ರೇ, ನಿಮ್ಮ ಧನೂನ ತೂಗಲೇ ಇಲ್ವಲ್ರೀ" ಎಂದಳು.

"ನಾಳೆ ತೂಗ್ತೀನಿ" ಎಂದೆ.

ಅವಳು ಸುಮ್ಮನೆ ಮುಗುಳ್ನಕ್ಕಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಒಂದು ದಿನ ಅತ್ತೆ ಯಾರದೋ ಮನೆಯ ಸೀಮಂತಕ್ಕೆ ಹೋಗಿದ್ದರಿಂದ ಧನು ನನ್ನ ಜೊತೆಗೇ ಇದ್ದಳು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ತಕ್ಕಡಿಯ ಮೇಲಿನ ಬಟ್ಟೆ ತೆಗೆದೆ. ಕದ್ದುಮುಚ್ಚಿ ಮಾಡುವಂಥ ತಪ್ಪೇನೂ ಅದಲ್ಲ, ಆದರೂ ಬಾಗಿಲು ಮುಂದೆ ಮಾಡಿಕೊಂಡೆ.

"ಬಾ ಪುಟ್ಟಿ, ಚಪ್ಪಲಿ ಬಿಟ್ಟು ಹತ್ತು."

ಅವಳು ಒಂದು ಕಾಲಿಟ್ಟಳು. ಅಂಕಿಗಳು ಓಡಿ ನಾಲ್ಕರ ಮೇಲೆ ನಡುಗಿದವು. ಅಷ್ಟರಲ್ಲಿ ಕಾಲು ಹಿಂದಕ್ಕೆ ಎಳೆದುಕೊಂಡು ಗಂಭೀರವಾಗಿ ನನ್ನನ್ನು ನೋಡಿದಳು.

"ಅಜ್ಜಿ ಹೇಳ್ಯಾಳೆ. ಮೊದ್ಲು ದೇವ್ರು ತೂಗ್ಬೇಕಂತೆ. ನೀನು ಆಮ್ಯಾಲಂತೆ."

ಒಂದು ಕಾಲಿನ ತೂಕದಿಂದ ಯಾವ ತಾಯಿಗೆ ಏನು ತಿಳಿದೀತು. ಬಟ್ಟೆ ಹೊದಿಸಿ ಬಾಗಿಲು ತೆಗೆದೆ.

ಇತ್ತ ಟಿಂಗೊ ಕೂಡಿಸುವ ಕೆಲಸ ನನ್ನ ಗಂಡ ಪರಶುರಾಮನ ಪಾಲಿಗೆ ಬಂತು. ಅವರು ಚನ್ನಗಿರಿಯಿಂದ ಬಸವಾಪಟ್ಟಣ, ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು. ಊರಿನ ಅಂಗಡಿಯಲ್ಲಿ ಒಂದೇ ಒಂದು ಪೊಟ್ಟಣವನ್ನೂ ಕೊಳ್ಳಕೂಡದು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದ್ದೆ. ಬೈದ ಬಾಯಿಂದಲೇ ಬೇಡುವುದು ಹೇಗೆ. ಹಾಗಾಗಿ ಅವರು ಬಸ್ಸು ನಿಂತಲ್ಲೆಲ್ಲ ಇಳಿದು, ಹೊನ್ನಾಳಿಯಲ್ಲಿ ಒಂದಿಷ್ಟು, ನ್ಯಾಮತಿಯಲ್ಲಿ ಒಂದಿಷ್ಟು, ಚನ್ನಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದಿಷ್ಟು ಎಂದು ತರುತ್ತಿದ್ದರು. ಡ್ರೈವರ್ ಸೀಟಿನ ಹಿಂದೆ ಕೋತಿಗಳು ತುಂಬಿಕೊಂಡವು. ನ್ಯಾಮತಿಯ ಅಂಗಡಿಯವನು "ಏನ್ ಪರಶುರಾಮಣ್ಣ, ಬಸ್ಸಿನಾಗೇ ಅಂಗಡಿ ಇಟ್ರೇನು" ಎಂದು ಕೇಳಿದನಂತೆ.

ತಂದದ್ದನ್ನೆಲ್ಲ ಅತ್ತೆ ಪರೀಕ್ಷಿಸಿ ತೆಗೆದುಕೊಳ್ಳುತ್ತಿದ್ದರು. ಚೌಡವ್ವ ಸಿಹಿ ಎಡೆಯ ದೇವರು, ಮಾಂಸ ಮುಟ್ಟುವವಳಲ್ಲ, ಸಸ್ಯಾಹಾರದ ಹಸಿರು ಚುಕ್ಕೆ ಇಲ್ಲದ್ದು ಬೇಡ. ಕೋತಿಯ ಮುಖ ಹರಿದದ್ದು ಬೇಡ. ಒಪ್ಪಿದ್ದನ್ನು ದೇವರ ಮೂಲೆಯ ಗೋಣಿಚೀಲದಲ್ಲಿ ಹಾಕಿ, ಮೇಲೆ ಅರಿಶಿನದ ಬಟ್ಟೆ ಕಟ್ಟಿ, ಇದು ಮೀಸಲು, ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದರು. ದೇವರಿಗೆ ಮುಡಿಪಾದದ್ದರಿಂದ ಒಂದು ಕಾಳು ತಿಂದರೂ ಪಾಪ.

ಶ್ರಾವಣದ ಮೊದಲ ಮಂಗಳವಾರ ಹೊರಡುವುದು ಎಂದಾಯಿತು. ಹಿಂದಿನ ಭಾನುವಾರ ನಾನು ಚೀಲವನ್ನು ಅಂಗನವಾಡಿಗೆ ಹೊತ್ತುಕೊಂಡು ಹೋಗಿ ಮಕ್ಕಳ ತಕ್ಕಡಿಯ ಮೇಲೆ ಇಟ್ಟೆ. ಮಗಳನ್ನು ತೂಗಲು ಅಪ್ಪಣೆಯಿಲ್ಲದ ತಕ್ಕಡಿಯಲ್ಲಿ ನೂಡಲ್ಸ್ ತೂಗಿದೆ. ಆಸ್ಪತ್ರೆಯಲ್ಲಿ ಹನ್ನೆರಡು ತೂಗಿದ್ದಳು, ಒಂದು ಹೆಚ್ಚಿಗೇ ಇರಲಿ ಎಂದು ಹದಿಮೂರಕ್ಕೆ ತಂದು ನಿಲ್ಲಿಸಿದೆ. ನಾನು ಲೆಕ್ಕ ಹಾಕಿದ್ದಕ್ಕಿಂತ ನಾಲ್ಕಾರು ಡಜನ್ ಪೊಟ್ಟಣ ಕಡಿಮೆ ಬಂದವು, ಅವನ್ನೂ ಗಂಡನಿಂದ ತರಿಸಿ ಸೇರಿಸಿದೆ. ತಲೆ ಎತ್ತಿದರೆ ಕಿಟಕಿಯಲ್ಲಿ ಅನಿತಾ.

ಅವಳು ತಕ್ಕಡಿಯನ್ನು ನೋಡಿದಳು, ಅದರ ಮೇಲಿನ ಚೀಲದಲ್ಲಿ ಗುಡ್ಡೆಯಾಗಿ ಕೂತ ಹಳದಿ ಪೊಟ್ಟಣಗಳನ್ನು ನೋಡಿದಳು.

"ಟೀಚರ್ರೇ, ಇವು ಹಸಿರೋ ಕೆಂಪೋ?"

ಕೆಲಸ ಕೆಟ್ಟಿತು ಎಂದುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಆಸ್ಪತ್ರೆ, ಹರಕೆ, ಮಗಳನ್ನು ತೂಗದೆ ಇರುವುದು, ಸಂಜೆಯ ತಟ್ಟೆ. ಊರೆಲ್ಲ ಸಾರುತ್ತಾಳೆ ಎಂದು ಗೊತ್ತಿದ್ದೂ ಹೇಳಿದೆ, ಯಾರಿಗಾದರೂ ಹೇಳಬೇಕಾಗಿತ್ತು. ಅವಳು ನಗಲಿಲ್ಲ.

"ಹೋಗ್ಬನ್ರಿ. ನಿಮ್ಮ ಕೂಸಿಗೆ ಏನೂ ಆಗಲ್ಲ" ಎಂದಳು. ಆಮೇಲೆ ಒಳಗೆ ಬಂದು ಚೀಲದ ಬಾಯಿ ಕಟ್ಟಲು ಕೈ ಕೊಟ್ಟಳು.

ಮಂಗಳವಾರ ಚೀಲದ ಸಮೇತ ಎರಡು ಬಸ್ಸು ಬದಲಾಯಿಸಿ ಜಗಳೂರು ತಲುಪಿ, ಅಲ್ಲಿಂದ ಆಟೋ ಹಿಡಿದೆವು. ಬೇಲದ ಮರದ ಕೆಳಗೆ ಸಣ್ಣ ಗುಡಿ, ಅದರ ಮುಂದೆ ಎರಡು ಕಲ್ಲುಕಂಬದ ನಡುವೆ ನೇತುಹಾಕಿದ ಹಳೆಯ ತಕ್ಕಡಿ. ನಮಗಿಂತ ಮೊದಲು ಬಂದವರು ಒಂದು ವರ್ಷದ ಕೂಸನ್ನು ಬೆಲ್ಲದಲ್ಲಿ ತೂಗಿಸುತ್ತಿದ್ದರು. ಬೆಲ್ಲದ ಅಚ್ಚುಗಳು ಬೀಳುತ್ತಿದ್ದಂತೆ ಕೂಸಿನ ತಟ್ಟೆ ಸಲೀಸಾಗಿ ಮೇಲೆದ್ದಿತು, ಹೆಂಗಸರು ಚೌಡವ್ವ ಎಂದು ಕೂಗಿದರು, ಪೂಜಾರಿ ದಾಸಪ್ಪ ಗಂಟೆ ಬಾರಿಸಿದ. ಇಷ್ಟೇ ತಾನೆ ಎಂದುಕೊಂಡೆ.

ನಮ್ಮ ಚೀಲ ಬಿಚ್ಚಿದಾಗ ಅಲ್ಲಿದ್ದ ಮಕ್ಕಳೆಲ್ಲ ಹತ್ತಿರ ಬಂದರು. ದಾಸಪ್ಪ ಬಗ್ಗಿ ನೋಡಿದ.

"ಏನಿದು ಸುಂಕಲಕ್ಕ?"

ಅತ್ತೆ ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಕಥೆ ಮಾಡಿ ಹೇಳಿದರು. ಅವನು ತಲೆ ಕೆರೆದುಕೊಂಡು ಗುಡಿಯೊಳಗೆ ಒಂದು ಸಲ ನೋಡಿ ಬಂದ.

"ಅವ್ವನ ಮುಂದೆ ಬೆಲ್ಲ ತೂಗೈತೆ, ಕಾಯಿ ತೂಗೈತೆ, ಒಬ್ರು ಬೀಡಿ ಕಟ್ಟೂ ತೂಗ್ಯಾರೆ. ಇದು ಹೊಸದು. ಕೊಟ್ಟ ಮಾತು ಅಂದ್ಮ್ಯಾಲೆ ಹಾಕ್ರಿ."

ಧನುವನ್ನು ಒಂದು ತಟ್ಟೆಯಲ್ಲಿ ಕೂರಿಸಿದೆವು. ಅವಳು ದೊಗಳೆ ಫ್ರಾಕನ್ನು ಮಂಡಿಯ ಮೇಲೆ ಎಳೆದುಕೊಂಡು, ಸರಪಳಿ ಹಿಡಿದುಕೊಂಡು ಕೂತಳು. ನನ್ನ ಗಂಡ ಇನ್ನೊಂದು ತಟ್ಟೆಗೆ ಪೊಟ್ಟಣಗಳನ್ನು ಹಾಕತೊಡಗಿದರು. ಹಗುರ ಪದಾರ್ಥ, ಬೇಗ ಗುಡ್ಡೆಯಾಯಿತು, ಜಾರಿ ಬೀಳತೊಡಗಿತು, ಅತ್ತೆ ಸುತ್ತಲೂ ಸೀರೆ ಕಟ್ಟಿ ತಡೆ ಮಾಡಿದರು. ಕೊನೆಯ ಪೊಟ್ಟಣವೂ ಬಿತ್ತು, ಚೀಲ ಝಾಡಿಸಿದ್ದಾಯಿತು. ಧನುವಿನ ತಟ್ಟೆ ನೆಲ ಬಿಟ್ಟು ಕದಲಲಿಲ್ಲ.

ದಾಸಪ್ಪ ತಕ್ಕಡಿಯ ಕೊಂಡಿ ಮುಟ್ಟಿ ನೋಡಿದ, ಸರಪಳಿ ಅಲುಗಾಡಿಸಿದ. ಎಲ್ಲ ಸರಿಯಾಗಿತ್ತು.

"ಹರಕ್ಯಾಗೆ ಏನಾರ ಕೊರತೆ ಆಗೈತೇನವ್ವ?" ಎಂದು ದಾಸಪ್ಪ ಮೆಲ್ಲಗೆ ಕೇಳಿದ.

ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅವರ ಮುಖ ಬಿಳಿಚಿಕೊಂಡಿತ್ತು.

"ನಂದೇ ತಪ್ಪು ತಾಯಿ" ಎಂದು ಗುಡಿಯ ಕಡೆ ಕೈ ಜೋಡಿಸಿದರು. "ನಿನ್ನ ಮೀಸಲು ಮುರಿದೆ. ನಿಂಗೆ ಅಂತ ಇಟ್ಟಿದ್ರಾಗೆ ದಿನಾ ಒಂದೊಂದು ತೆಗೆದು ಕೂಸಿಗೆ ತಿನ್ನಿಸ್ದೆ. ಕೂಸಿನ ಮ್ಯಾಲೆ ಸಿಟ್ಟು ಮಾಡ್ಕಬ್ಯಾಡ, ಏನಿದ್ರೂ ನನ್ನ ಮ್ಯಾಲಿರ್ಲಿ."

"ಏನು ತಿನ್ನಿಸಿದ್ರಿ ಅತ್ತೆ?" ಎಂದೆ.

ಅವರು ನನ್ನ ಮುಖ ನೋಡದೆ ಹೇಳಿದರು. "ಬರೇ ಅನ್ನ ಅಂದ್ರೆ ಬಾಯಿ ತೆಗೀತಿರಲಿಲ್ಲ. ತುತ್ತಿನ ಮ್ಯಾಲೆ ಎರಡು ಎಳೆ ಟಿಂಗೊ ಇಟ್ರೆ ತೆಗೀತಿತ್ತು. ಮುದ್ದೆ ತುತ್ತಿಗೆ ಎರಡೆಳೆ, ತುಪ್ಪದನ್ನದ ತುತ್ತಿಗೆ ಎರಡೆಳೆ, ಮೊಟ್ಟೆ ಚೂರಿಗೂ ಎರಡೆಳೆ. ನೀನು ಕೆಲಸಕ್ಕೆ ಹೋದ ಮ್ಯಾಲೆ ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ನೀನು ಬರೋಕೆ ಮೊದ್ಲು ಒಂದ್ಸಲ. ಮಸಾಲಿ ಹಾಕ್ಲಿಲ್ಲ, ಡಾಕ್ಟ್ರು ಬ್ಯಾಡ ಅಂದಿದ್ರು. ನಿಂಗೆ ಗೊತ್ತಾದ್ರೆ ಬೈತೀಯ ಅಂತ ಹೇಳ್ಲಿಲ್ಲ."

ನಾನು ಬರುವ ಮೊದಲು ಒಂದು ಸಲ. ನನ್ನ ಸಂಜೆಯ ತಟ್ಟೆ ಉಳಿಯುತ್ತಿದ್ದದ್ದು ಅದಕ್ಕೆ. ಹೊಟ್ಟೆ ತುಂಬಿದ ಮಗು ನನ್ನ ಮುಂದೆ ಬಂದು ಕೂತು ಎರಡು ತುತ್ತು ತಿಂದು ಸಾಕಮ್ಮ ಎನ್ನುತ್ತಿತ್ತು. ಲೆಕ್ಕದಲ್ಲಿ ನಾಲ್ಕಾರು ಡಜನ್ ಪೊಟ್ಟಣ ಕಡಿಮೆ ಬಂದದ್ದೂ ಅದಕ್ಕೇ. ಆದರೆ ಭಾನುವಾರ ನಾನು ಅದನ್ನೂ ತುಂಬಿಸಿ ಹದಿಮೂರಕ್ಕೆ ನಿಲ್ಲಿಸಿದ್ದೆ. ತೂಗಿದವಳು ನಾನು, ನನ್ನ ತಕ್ಕಡಿ ಸುಳ್ಳು ಹೇಳುವುದಿಲ್ಲ. ಆ ತಟ್ಟೆಯಲ್ಲಿ ಹದಿಮೂರು ಕಿಲೋ ಇದೆ. ಈ ತಟ್ಟೆಯಲ್ಲಿ ನನ್ನ ಮಗಳಿದ್ದಾಳೆ. ಈ ತಟ್ಟೆ ಏಳುತ್ತಿಲ್ಲ.

ನನಗೆ ನಗು ಬಂತು. ತಡೆಯಲಾಗದ ನಗು, ಜೊತೆಗೆ ಕಣ್ಣಲ್ಲಿ ನೀರು. ಗುಡಿಯ ಮುಂದೆ ಹಾಗೆ ನಗುವ ಹೆಂಗಸನ್ನು ನೋಡಿ ಬೆಲ್ಲ ತೂಗಿಸಿದವರು ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಗಂಡ ನನ್ನ ತೋಳು ಹಿಡಿದುಕೊಂಡರು.

"ಅತ್ತೆ, ಏಳ್ರಿ ಮ್ಯಾಲೆ" ಎಂದೆ. "ಅವ್ವಂಗೆ ಸಿಟ್ಟು ಬಂದಿಲ್ಲ. ನಿಮ್ಮ ಮೊಮ್ಮಗಳು ತೂಕ ಆಗ್ಯಾಳೆ."

ಅತ್ತೆಗೆ ತಕ್ಷಣ ಅರ್ಥವಾಗಲಿಲ್ಲ. ದಾಸಪ್ಪನಿಗೆ ಆಯಿತು. ಅವನು ತಟ್ಟೆಯನ್ನು ನೋಡಿ, ಧನುವನ್ನು ನೋಡಿ, ಹಲ್ಲು ಬಿಟ್ಟು ನಕ್ಕ.

"ಅಲ್ಲವ್ವ, ನೀನು ಉಣ್ಸಿದ್ದೆಲ್ಲ ಈ ಕಡೆ ತಟ್ಟ್ಯಾಗೆ ಕುಂತೈತೆ. ಆ ಕಡೆ ಹೆಂಗೆ ಸಾಕಾಗ್ತೈತೆ? ಮೀಸಲು ಮುರಿದಿದ್ದು ಕೂಸಿನ ಹೊಟ್ಟಿಗೆ ತಾನೆ, ಅವ್ವನೂ ತಾಯಿನೇ. ಇನ್ನಷ್ಟು ತರ್ಸು. ಕೂಸನ್ನ ಇಳಿಸಬ್ಯಾಡ್ರಿ, ಕುಂತಿದ್ದು ಕುಂತಂಗೇ ಇರ್ಲಿ."

ನನ್ನ ಗಂಡ ದಾಸಪ್ಪನದೇ ಬೈಕು ತೆಗೆದುಕೊಂಡು ಜಗಳೂರು ಪೇಟೆಗೆ ಓಡಿದರು. ನಾವು ಕಾದೆವು. ಅತ್ತೆ ಕಂಬಕ್ಕೆ ಒರಗಿ ಕೂತು, ಮಾತು ಅರ್ಥವಾಗುತ್ತಾ ಬಂದ ಹಾಗೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ತಟ್ಟೆಯಲ್ಲಿ ಕೂತ ಧನುಗೆ ಹಸಿವಾಯಿತು.

"ಅಮ್ಮ, ಒಂದು ಟಿಂಗೊ."

ಅತ್ತೆ ಹೆದರಿ ನನ್ನನ್ನು ನೋಡಿದರು, ನಾನು ದಾಸಪ್ಪನನ್ನು ನೋಡಿದೆ. "ಕೊಡ್ರಿ, ಅವಳದೇ ಹರಕೆ" ಎಂದು ಅವನು ಕೈ ಬೀಸಿದ.

ಎದುರಿನ ತಟ್ಟೆಯಿಂದ ಒಂದು ಪೊಟ್ಟಣ ತೆಗೆದೆ. ಅಂಗೈಗಳ ನಡುವೆ ಇಟ್ಟು ಹಿಸುಕಿದೆ, ಮೂಲೆ ಹರಿದೆ, ಮಸಾಲೆ ಸುರಿದೆ, ಬಾಯಿ ಹಿಡಿದು ಕುಲುಕಿದೆ. ಯಾರೂ ಕಲಿಸಿರಲಿಲ್ಲ, ಕಿತ್ತುಕೊಳ್ಳುವಾಗೆಲ್ಲ ನೋಡಿ ಕಲಿತದ್ದು. ಸುತ್ತ ನಿಂತ ಮಕ್ಕಳು ಒಪ್ಪಿದವರಂತೆ ನೋಡುತ್ತಿದ್ದರು. ಧನು ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ತಿನ್ನತೊಡಗಿದಳು. ಆ ಕಡೆಯದು ಈ ಕಡೆ ಬಂದದ್ದರಿಂದ ತಟ್ಟೆ ಇನ್ನೂ ಗಟ್ಟಿಯಾಗಿ ನೆಲ ಹಿಡಿಯಿತು. ಅದನ್ನು ನೋಡಿ ಅತ್ತೆ ಮೊದಲ ಸಲ ನಕ್ಕರು.

ಗಂಡ ಎರಡು ದೊಡ್ಡ ಡಬ್ಬಿ ಕಟ್ಟಿಕೊಂಡು ಬಂದರು. ಮತ್ತೆ ಹಾಕತೊಡಗಿದರು. ನಾನು ಮನಸ್ಸಿನಲ್ಲೇ ತೂಕ ಕೂಡಿಸುತ್ತಾ ನಿಂತೆ. ಹದಿಮೂರೂವರೆ, ತಟ್ಟೆ ಏಳಲಿಲ್ಲ. ಹದಿನಾಲ್ಕರ ಹತ್ತಿರ ಹಸಿರು ಗೆರೆ ಬರುತ್ತದೆ, ಅದು ನನಗೆ ನಿದ್ದೆಯಲ್ಲೂ ಗೊತ್ತು. ಹದಿನಾಲ್ಕಾಯಿತು, ಏಳಲಿಲ್ಲ. ಹಸಿರು ಎಂದೆ ಒಳಗೇ. ಸುತ್ತಲಿನವರೆಲ್ಲ ಈಗ ಏಳುತ್ತೆ, ಈಗ ಏಳುತ್ತೆ ಎನ್ನುತ್ತಿದ್ದರು. ನಾನೊಬ್ಬಳೇ ಏಳಬೇಡ ಎನ್ನುತ್ತಿದ್ದೆ. ಚೌಡವ್ವ, ಇನ್ನೊಂದು ಹಿಡಿ ತಡಿ, ಇನ್ನೊಂದು ಹಿಡಿ. ಜೀವನದಲ್ಲಿ ನಾನು ದೇವರಲ್ಲಿ ಮನಸಾರೆ ಬೇಡಿಕೊಂಡದ್ದು ಅದು ಎರಡನೆಯ ಸಲ. ಮೊದಲನೆಯದು ಚನ್ನಗಿರಿಯ ಆಸ್ಪತ್ರೆಯಲ್ಲಿ, ಅತ್ತೆಯ ಬೆನ್ನ ಹಿಂದೆ ನಿಂತು, ಯಾರಿಗೂ ಕಾಣದ ಹಾಗೆ.

ಹದಿನೈದು ದಾಟಿದ ಮೇಲೆ ಧನುವಿನ ತಟ್ಟೆ ಒಮ್ಮೆ ನಡುಗಿ, ನಿಧಾನವಾಗಿ ನೆಲ ಬಿಟ್ಟಿತು. ದಾಸಪ್ಪ ಗಂಟೆ ಬಾರಿಸಿದ. ಧನು ಕಾಲು ಆಡಿಸುತ್ತಾ, ಬಾಯಿ ತುಂಬ ನೂಡಲ್ಸ್ ಇಟ್ಟುಕೊಂಡು, ತೂಗುಯ್ಯಾಲೆ ಸಿಕ್ಕಿದ ಖುಷಿಯಲ್ಲಿದ್ದಳು.

ಆಮೇಲೆ ಆ ಗುಡ್ಡೆಯೆಲ್ಲ ಪ್ರಸಾದವಾಯಿತು. ಹಂಚುವ ಕೆಲಸವನ್ನು ಅತ್ತೆ ಬೇಕೆಂದೇ ನನ್ನ ಕೈಗೆ ಕೊಟ್ಟರು. ಸಾಲಾಗಿ ಬಂದ ಮಕ್ಕಳಿಗೆ ಒಂದೊಂದು ಟಿಂಗೊ ಕೊಡುತ್ತಾ "ಮೊದ್ಲು ಊಟ ಮಾಡಿ, ಆಮ್ಯಾಲೆ ತಿನ್ರಿ" ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಒಬ್ಬರೂ ಕೇಳಲಿಲ್ಲ, ಅಲ್ಲೇ ಹಿಸುಕತೊಡಗಿದರು. ಅನಿತಾಳ ಮಗನಿಗೆಂದು ನಾಲ್ಕನ್ನು ನನ್ನ ಚೀಲದಲ್ಲಿ ಇಟ್ಟುಕೊಂಡೆ.

ಹೊರಡುವಾಗ ಅತ್ತೆ ಮೊಮ್ಮಗಳ ತಲೆ ಸವರಿ "ಇನ್ನ ನಿನ್ನ ತಕ್ಕಡಿಗೆ ಹತ್ತಿಸವ್ವ, ಈಗ ನಂದೇನೂ ಅಡ್ಡಿಯಿಲ್ಲ" ಎಂದರು.

"ತೂಕದ ದಿನ ಎಲ್ಲರ ಜೊತೆ ಹತ್ತಿಸ್ತೀನಿ ಬಿಡ್ರಿ ಅತ್ತೆ, ಅವಸರ ಏನೈತೆ" ಎಂದು ಧನುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡೆ.

ಆಟೋ ಸಿಗಲಿಲ್ಲ, ಬಸ್ಸು ನಿಲ್ಲುವ ಕಡೆಗೆ ಮಣ್ಣಿನ ದಾರಿಯಲ್ಲಿ ನಡೆಯಬೇಕಾಯಿತು. ಅರ್ಧ ದಾರಿಗೆ ತೋಳು ಸೋತಿತು, ಬೆನ್ನು ಹಿಡಿದುಕೊಂಡಿತು, ಮಗಳ ಮಸಾಲೆ ಕೈ ನನ್ನ ರವಿಕೆಯ ಮೇಲೆಲ್ಲ ಅಂಟಿತು. ಖಾಲಿ ಚೀಲ ಹಿಡಿದುಕೊಂಡು ಪಕ್ಕದಲ್ಲಿ ಬರುತ್ತಿದ್ದ ನನ್ನ ಗಂಡ "ಭಾರ ಆಗ್ತಾಳೆ ಶೈಲಾ, ಇತ್ತ ಕೊಡು" ಎಂದು ಕೈ ಚಾಚಿದರು.

"ಹೌದ್ರೀ, ಭಾರ ಆಗ್ತಾಳೆ" ಎಂದೆ. ಕೊಡಲಿಲ್ಲ.